ಬಟವಾಡಿಯ ಬಿಸಿ ಪಿಸಿ: ಲಿಕ್ವಿಡ್ ಕೂಲರ್ ಬೇಕಿತ್ತಾ?

ದೂರು ಇಷ್ಟೇ. ಆಟ ಶುರುವಾಗಿ ಇಪ್ಪತ್ತು ನಿಮಿಷಕ್ಕೆಲ್ಲ ಫ್ರೇಮ್ ತಡವರಿಸುತ್ತದೆ, ಫ್ಯಾನ್‌ಗಳು ಕಿರುಚುತ್ತವೆ, ಕ್ಯಾಬಿನೆಟ್ ಮೇಲೆ ಕೈ ಇಟ್ಟರೆ ಚುರ್ ಅನ್ನುತ್ತದೆ. ಪಿಸಿ ತುಮಕೂರಿನ ಬಟವಾಡಿ ಕಡೆಯ ಒಂದು ಮನೆಯದು, ಇಂಜಿನಿಯರಿಂಗ್ ಓದುವ ಹುಡುಗನದು. ತಿಂಗಳು ಏಪ್ರಿಲ್. ಹುಡುಗ ದೂರಿನ ಜೊತೆ ಪರಿಹಾರವನ್ನೂ ತಂದಿದ್ದ. "ಅಣ್ಣಾ, 360 ಲಿಕ್ವಿಡ್ ಕೂಲರ್ ಹಾಕ್ಸಿಬಿಡೋಣ. ಅಮ್ಮನ್ನ ಒಪ್ಸಿದೀನಿ" ಅಂದ. ಚಿಪ್‌ನ ಬಿಸಿಯನ್ನು ನೀರಿನಲ್ಲಿ ರೇಡಿಯೇಟರ್‌ಗೆ ಒಯ್ಯುವ ಕೂಲರ್ ಅದು; 360 ಅಂದರೆ ಮೂರು 120 ಎಂಎಂ ಫ್ಯಾನ್ ಹಿಡಿಸುವ ರೇಡಿಯೇಟರ್.

ಬೇಸಿಗೆ ಬಂತೆಂದರೆ ನನ್ನ ಹತ್ತಿರ ಬರುವ ಗೇಮಿಂಗ್ ಪಿಸಿಗಳ ಬೇಡಿಕೆ ಹೆಚ್ಚು ಕಮ್ಮಿ ಇದೇ. ಚಿಪ್ ಬಿಸಿ, ಹಾಗಾಗಿ ದೊಡ್ಡ ಕೂಲರ್ ಬೇಕು. ಈ ಲೆಕ್ಕ ಕೆಲವು ಸಲ ಸರಿ. ಈ ಪಿಸಿಯಲ್ಲಿ ಸರಿ ಇರಲಿಲ್ಲ. ಯಾಕೆ ಅನ್ನುವುದು ಅಂಕಿಗಳಲ್ಲೇ ಕಾಣುತ್ತಿತ್ತು, ಅದಕ್ಕೇ ಪೂರ್ತಿ ಬರೆದಿಡುತ್ತಿದ್ದೇನೆ.

ಪಿಸಿ ಮತ್ತು ಅದು ಇದ್ದ ಜಾಗ

ಪ್ರೊಸೆಸರ್ ಎಎಂಡಿ ರೈಜನ್ 7 5800ಎಕ್ಸ್. 2020ರ ನವೆಂಬರ್‌ನಲ್ಲಿ ಬಂದ ಚಿಪ್. ಎಂಟು ಕೋರ್‌ಗಳೂ ಒಂದೇ ಪುಟ್ಟ ಸಿಲಿಕಾನ್ ತುಂಡಿನಲ್ಲಿವೆ. ಅದರ ವಿಸ್ತೀರ್ಣ ಸುಮಾರು 80 ಚದರ ಮಿಲಿಮೀಟರ್, ಅಂದರೆ ಹೆಬ್ಬೆರಳಿನ ಉಗುರಿಗಿಂತಲೂ ಚಿಕ್ಕದು. ಪೂರ್ತಿ ಕೆಲಸ ಕೊಟ್ಟರೆ ಬೋರ್ಡ್‌ನ ಸಾಕೆಟ್‌ನಿಂದ 142 ವ್ಯಾಟ್‌ವರೆಗೆ ಎಳೆಯುತ್ತದೆ. ಕಂಪನಿಯೇ ಹಾಕಿರುವ ಮಿತಿ 90 ಡಿಗ್ರಿ. ಅಲ್ಲಿಗೆ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಡಬ್ಬದಲ್ಲಿ ಇದಕ್ಕೆ ಕೂಲರ್ ಕೊಡುವುದಿಲ್ಲ, ಬೇರೆ ಕೊಳ್ಳಬೇಕು. ಹುಡುಗನ ಪಿಸಿಯಲ್ಲಿ ನಾಲ್ಕು ಹೀಟ್‌ಪೈಪ್ (ಚಿಪ್‌ನ ಬಿಸಿ ಮೇಲಕ್ಕೆ ಒಯ್ಯುವ ಕೊಳವೆ), ಒಂದು 120 ಎಂಎಂ ಫ್ಯಾನ್ ಇರುವ ಸಿಂಗಲ್ ಟವರ್ ಕೂಲರ್, ಅಂದರೆ ಲೋಹದ ರೆಕ್ಕೆಗಳ ಒಂದೇ ಗೋಪುರದ್ದು, ಇತ್ತು. ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3060 ಟಿಐ, 200 ವ್ಯಾಟ್‌ನದು.

ಇದರಲ್ಲಿ ಕೆಟ್ಟ ಆಯ್ಕೆ ಅನ್ನುವಂಥದ್ದು ಯಾವುದೂ ಇಲ್ಲ. ಕ್ಯಾಬಿನೆಟ್ ಒಂದನ್ನು ಬಿಟ್ಟು.

ಕ್ಯಾಬಿನೆಟ್‌ನ ಮುಂಭಾಗ ಪೂರ್ತಿ ಗಾಜು. ಆ ಗಾಜಿನ ಹಿಂದೆಯೇ ಬಣ್ಣದ ದೀಪದ ಮೂರು ಫ್ಯಾನ್. ನೋಡೋಕೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ಆ ಮೂರಕ್ಕೂ ಗಾಳಿ ಸಿಗಬೇಕಾದದ್ದು ಗಾಜಿನ ಒಂದು ಅಂಚಿನಲ್ಲಿದ್ದ ಕಿರುಬೆರಳು ತೂರದಷ್ಟು ಸಂದಿಯಿಂದ. ಆ ಸಂದಿಯ ಒಳಗೆ ಕೆಂಪು ಧೂಳು ಗಟ್ಟಿಯಾಗಿ ಕೂತಿತ್ತು. ಹೆದ್ದಾರಿ ಹತ್ತಿರದ ಮನೆ, ದಿನವಿಡೀ ಲಾರಿ ಓಡಾಟ, ಧೂಳಿಗೆ ಏನು ಬರ?

ಇಷ್ಟು ಸಾಲದು ಅಂತ ಕ್ಯಾಬಿನೆಟ್ ಇದ್ದದ್ದು ಟೇಬಲ್‌ನ ಕೆಳಗಿನ ಗೂಡಿನಲ್ಲಿ. ಮೂರು ಕಡೆ ಪ್ಲೈವುಡ್, ಹಿಂದೆ ವೈರ್ ಹೋಗೋಕೆ ಒಂದು ತೂತು. ಕೋಣೆ ಮಹಡಿಯ ಮೇಲೆ, ಪಶ್ಚಿಮಕ್ಕೆ ಕಿಟಕಿ, ತಲೆ ಮೇಲೆ ಬಿಸಿಲು ಕುಡಿದ ಆರ್‌ಸಿಸಿ. ಹೊರಗೆ 36 ಡಿಗ್ರಿ ದಾಟುವ ದಿನಗಳಲ್ಲಿ ಆ ಕೋಣೆ ರಾತ್ರಿ ಊಟದ ಹೊತ್ತಿಗೂ 33ರಲ್ಲೇ ಇರುತ್ತಿತ್ತು. ಹುಡುಗ ಆಡುವುದು ಆ ಹೊತ್ತಿನಲ್ಲೇ. ಹಾಗಾಗಿ ನಾನೂ ಕೋಣೆ 33ಕ್ಕೆ ಬಂದಾಗಲೇ ಅಳೆದೆ.

ಅಳೆದದ್ದು

ಎಚ್‌ಡಬ್ಲ್ಯುಇನ್ಫೋ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡರೆ ಚಿಪ್ ಒಳಗಿನ ಬಿಸಿ ತೋರಿಸುತ್ತದೆ. ಅದು ಎಲ್ಲರಿಗೂ ಗೊತ್ತು. ಹೆಚ್ಚಿನವರು ಅಳೆಯದೆ ಬಿಡುವುದು ಕ್ಯಾಬಿನೆಟ್ ಒಳಗಿನ ಗಾಳಿಯನ್ನು. ಇದಕ್ಕೆ ದುಬಾರಿ ಉಪಕರಣ ಬೇಡ. ಮೀನಿನ ತೊಟ್ಟಿಗೆ ಹಾಕುವ, ವೈರ್ ತುದಿಯಲ್ಲಿ ಪುಟ್ಟ ಸೆನ್ಸರ್ ಇರುವ ಥರ್ಮಾಮೀಟರ್ ಸಾಕು. ಆ ತುದಿಯನ್ನು ಪ್ರೊಸೆಸರ್ ಕೂಲರ್‌ನ ಫ್ಯಾನ್ ಗಾಳಿ ಎಳೆದುಕೊಳ್ಳುವ ಕಡೆ, ರ್‍ಯಾಮ್ ಪಕ್ಕದಲ್ಲಿ ನೇತುಬಿಟ್ಟೆ. ಸೈಬರ್‌ಪಂಕ್ 2077 ಅರ್ಧ ಗಂಟೆ ಓಡಿಸಿದೆವು. ಕಾರ್ಡ್‌ಗೂ ಪ್ರೊಸೆಸರ್‌ಗೂ ಒಟ್ಟಿಗೆ ಬೆವರು ಇಳಿಸುವ ಆಟ.

ಗೂಡಿನಲ್ಲೇ ಇದ್ದಾಗ ಪ್ರೊಸೆಸರ್ 88, ಕಾರ್ಡ್ 82, ಒಳಗಿನ ಗಾಳಿ 49. ಕೋಣೆಯ ಗಾಳಿಗಿಂತ ಒಳಗಿನದು 16 ಡಿಗ್ರಿ ಜಾಸ್ತಿ! ನಡುನಡುವೆ ಪ್ರೊಸೆಸರ್ 90 ಮುಟ್ಟಿ ವೇಗ ಕಡಿಮೆಯಾಗುತ್ತಿತ್ತು. ಫ್ರೇಮ್ ತಡವರಿಸುತ್ತಿದ್ದದ್ದು ಅಲ್ಲೇ.

ಗೂಡಿನಿಂದ ಈಚೆ ತೆಗೆದು ನೆಲದ ಮೇಲೆ ಸ್ಟೂಲ್ ಹಾಕಿ ಇಟ್ಟೆವು. ಪ್ರೊಸೆಸರ್ 84, ಕಾರ್ಡ್ 79, ಒಳಗಿನ ಗಾಳಿ 45.

ಆಮೇಲೆ ಪಕ್ಕದ ಗಾಜು ಬಿಚ್ಚಿದೆವು. ಪ್ರೊಸೆಸರ್ 77, ಕಾರ್ಡ್ 73, ಒಳಗಿನ ಗಾಳಿ 38.

ಈ ಮೂರು ಸಾಲುಗಳಲ್ಲಿ ಪ್ರೊಸೆಸರ್ ಮತ್ತು ಒಳಗಿನ ಗಾಳಿಯ ವ್ಯತ್ಯಾಸ ನೋಡಿ. ಮೂರರಲ್ಲೂ 39. ಅಂದರೆ ಕೂಲರ್ ತನ್ನ ಕೆಲಸವನ್ನು ಒಂದೇ ರೀತಿ ಮಾಡುತ್ತಿದೆ. ಅದಕ್ಕೆ 38 ಡಿಗ್ರಿ ಗಾಳಿ ಕೊಟ್ಟರೆ ಚಿಪ್ 77, 49 ಡಿಗ್ರಿ ಗಾಳಿ ಕೊಟ್ಟರೆ 88. ಕಿತ್ತು ಬಿಸಾಕಬೇಕು ಅಂತಿದ್ದ ಕೂಲರ್‌ನ ತಪ್ಪು ಇದರಲ್ಲಿ ಎಲ್ಲಿದೆ?

ಹುಡುಗನಿಗೆ ಅಂಕಿ ಅಷ್ಟಾಗಿ ನಾಟಲಿಲ್ಲ. ಹಾಗಾಗಿ ದೇವರ ಮನೆಯಿಂದ ಒಂದು ಊದುಬತ್ತಿ ತರಿಸಿದೆ. ಫ್ಯಾನ್ ಓಡುತ್ತಿರುವಾಗ ಮುಂದಿನ ಗಾಜಿನ ಸಂದಿಯ ಹತ್ತಿರ ಹಿಡಿದರೆ ಹೊಗೆ ಒಳಗೆ ಹೋಗಬೇಕು. ಹೋಗಲಿಲ್ಲ. ಒಂದೆಳೆ ಒಳಗೆ ಬಾಗಿ, ಮಿಕ್ಕಿದ್ದು ಗಾಜಿಗೆ ತಾಗಿಕೊಂಡು ಸುಮ್ನೆ ಮೇಲಕ್ಕೆ ಹತ್ತಿತು. ಕ್ಯಾಬಿನೆಟ್ ಒಳಬದಿಯಲ್ಲಿ, ಕೆಳಗೆ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬ) ಮುಚ್ಚಳದ ಹತ್ತಿರದ ಸಂದಿಗೆ ಹಿಡಿದರೆ ಹೊಗೆ ಸರ್ರನೆ ಒಳಗೆ ಸೇದಿಕೊಂಡಿತು. ಅಂದರೆ ಮುಂದಿನ ಫ್ಯಾನ್‌ಗಳು ಹೊರಗಿನ ಗಾಳಿ ಸಿಗದೆ, ಕಾರ್ಡ್ ಉಗುಳಿದ ಬಿಸಿ ಗಾಳಿಯನ್ನೇ ಸುತ್ತಿ ಸುತ್ತಿ ಎಳೆಯುತ್ತಿದ್ದವು. ಅಷ್ಟರಲ್ಲಿ ಅವರಮ್ಮ ಬಾಗಿಲಿಗೆ ಬಂದು "ಏನಪ್ಪಾ, ಕಂಪ್ಯೂಟರ್‌ಗೂ ಊದುಬತ್ತಿ ಬೆಳಗ್ತಿದೀಯಾ?" ಅಂದರು. ಪರೀಕ್ಷೆ ಅಂತ ಹೇಳಿದೆ. ನಂಬಿದ ಹಾಗೆ ಕಾಣಲಿಲ್ಲ.

(ಮನೆಯಲ್ಲಿ ಮಾಡಿ ನೋಡುವುದಾದರೆ ಹೊಗೆ ಒಂದೆರಡು ನಿಮಿಷ ಸಾಕು, ಬೂದಿ ಒಳಗೆ ಬೀಳದ ಹಾಗೆ ಹಿಡಿಯಿರಿ.)

ಗಾಳಿಯ ಲೆಕ್ಕ

ಆಟ ಆಡುವಾಗ ಈ ಪಿಸಿಯ ಪ್ರೊಸೆಸರ್ ಎಳೆಯುತ್ತಿದ್ದದ್ದು 80 ವ್ಯಾಟ್ ಆಸುಪಾಸು. ಕಾರ್ಡ್ 200. ಬೋರ್ಡ್, ರ್‍ಯಾಮ್, ಎಸ್‌ಎಸ್‌ಡಿ ಎಲ್ಲ ಸೇರಿಸಿದರೆ ಕ್ಯಾಬಿನೆಟ್ ಒಳಗೆ ಸುಮಾರು 300 ವ್ಯಾಟ್ ಬಿಸಿ ಹುಟ್ಟುತ್ತದೆ. ಅದರಲ್ಲಿ ಮೂರನೇ ಎರಡು ಭಾಗ ಕಾರ್ಡ್‌ನದು. ಎಲ್ಲರೂ ಚಿಂತೆ ಮಾಡುವುದು ಪ್ರೊಸೆಸರ್ ಬಗ್ಗೆ, ಒಲೆ ಹಚ್ಚುವುದು ಮಾತ್ರ ಕಾರ್ಡ್. ಅದು ಇರುವುದೂ ಪ್ರೊಸೆಸರ್ ಕೂಲರ್‌ನ ನೇರ ಕೆಳಗೆ.

ಈ 300 ವ್ಯಾಟ್ ಅನ್ನು, ಒಳಗಿನ ಗಾಳಿ ಕೋಣೆಗಿಂತ 10 ಡಿಗ್ರಿಗಿಂತ ಜಾಸ್ತಿ ಏರದಂತೆ ಹೊರಗೆ ಹಾಕಬೇಕು ಅಂದರೆ ನಿಮಿಷಕ್ಕೆ 55ರಿಂದ 60 ಘನ ಅಡಿ ಗಾಳಿ ಕ್ಯಾಬಿನೆಟ್ ದಾಟಿ ಹೋಗಬೇಕು. ಸಮುದ್ರ ಮಟ್ಟದಲ್ಲಿ ಇನ್ನೂ ಸ್ವಲ್ಪ ಕಡಿಮೆ ಸಾಕು. ತುಮಕೂರು 800 ಮೀಟರ್‌ಗಿಂತ ಎತ್ತರದಲ್ಲಿದೆ, ಇಲ್ಲಿನ ಗಾಳಿ ಶೇಕಡ 7–8ರಷ್ಟು ತೆಳು, ಅಷ್ಟೇ ಬಿಸಿ ಹೊರಲು ಗಾಳಿ ಸ್ವಲ್ಪ ಜಾಸ್ತಿ ಬೇಕು. ದೊಡ್ಡ ವ್ಯತ್ಯಾಸ ಅಲ್ಲ, ಆದರೆ ಲೆಕ್ಕಕ್ಕೆ ಸೇರುತ್ತದೆ.

ಒಂದು 120 ಎಂಎಂ ಫ್ಯಾನ್‌ನ ಡಬ್ಬದ ಮೇಲೇ 50, 60 ಘನ ಅಡಿ ಅಂತ ಬರೆದಿರುತ್ತಾರೆ. ಹಾಗಿದ್ದರೆ ಮೂರು ಫ್ಯಾನ್‌ಗೆ ಧಾರಾಳ ಆಗಬೇಕಲ್ವಾ? ಆ ಸಂಖ್ಯೆ ಎದುರಿಗೆ ಏನೂ ಅಡ್ಡ ಇಲ್ಲದೆ ಓಡಿಸಿ ಅಳೆದದ್ದು. ಎದುರಿಗೆ ಗಾಜು ನಿಲ್ಲಿಸಿ, ಸಂದಿಗೆ ಧೂಳು ತುಂಬಿದರೆ ಫ್ಯಾನ್ ಸುತ್ತುತ್ತದೆ, ಸದ್ದು ಮಾಡುತ್ತದೆ, ಗಾಳಿ ಬರುವುದಿಲ್ಲ. 16 ಡಿಗ್ರಿ ಏರಿಕೆಯನ್ನು ಹಿಂದಕ್ಕೆ ಲೆಕ್ಕ ಹಾಕಿದರೆ ಈ ಕ್ಯಾಬಿನೆಟ್‌ನಲ್ಲಿ ಹೊರಗಿನಿಂದ ಬರುತ್ತಿದ್ದ ಹೊಸ ಗಾಳಿ ನಿಮಿಷಕ್ಕೆ 35 ಘನ ಅಡಿಯ ಸುಮಾರು. ಮೂರು ಫ್ಯಾನ್ ಸೇರಿ ಒಂದು ಫ್ಯಾನಿನ ಕೆಲಸವನ್ನೂ ಮಾಡುತ್ತಿರಲಿಲ್ಲ.

ಲಿಕ್ವಿಡ್ ಕೂಲರ್ ಯಾಕೆ ಬೇಡ ಅಂದೆ

ಲಿಕ್ವಿಡ್ ಕೂಲರ್ ಕೆಟ್ಟದ್ದು ಅಂತ ನಾನು ಹೇಳುವವನಲ್ಲ. 250 ವ್ಯಾಟ್ ದಾಟುವ ಇಂಟೆಲ್‌ನ ದೊಡ್ಡ ಚಿಪ್‌ಗಳಿಗೆ, ಗಂಟೆಗಟ್ಟಲೆ ರೆಂಡರಿಂಗ್ ಮಾಡುವವರಿಗೆ ನಾನೇ ಹಾಕಿಸಿಕೊಟ್ಟಿದ್ದೇನೆ. ಆದರೆ ನೀರು ಬಿಸಿಯನ್ನು ಮಾಯ ಮಾಡುವುದಿಲ್ಲ. ಚಿಪ್‌ನಿಂದ ಎತ್ತಿಕೊಂಡು ರೇಡಿಯೇಟರ್‌ಗೆ ಒಯ್ಯುತ್ತದೆ, ಅಲ್ಲಿಂದ ಗಾಳಿಯೇ ಕೊಂಡೊಯ್ಯಬೇಕು. ಗಾಳಿ ಇಲ್ಲದ ಕಡೆ ರೇಡಿಯೇಟರ್ ಇಟ್ಟರೆ ಏನು ಪ್ರಯೋಜನ?

ಈ ಕ್ಯಾಬಿನೆಟ್‌ನಲ್ಲಿ 360 ರೇಡಿಯೇಟರ್ ಕೂರುವುದು ಮುಂಭಾಗದಲ್ಲಿ ಮಾತ್ರ, ಅದೇ ಗಾಜಿನ ಹಿಂದೆ. ಮೊದಲೇ ಉಸಿರಾಡದ ಜಾಗಕ್ಕೆ ಒತ್ತಾದ ರೆಕ್ಕೆಗಳ ಇನ್ನೊಂದು ಅಡ್ಡಗೋಡೆ. ಪ್ರೊಸೆಸರ್ ಕೆಲವು ಡಿಗ್ರಿ ಇಳಿಯಬಹುದಿತ್ತು, ಆದರೆ ಅದರ ಬಿಸಿಯೆಲ್ಲ ಕಾರ್ಡ್ ಮುಖಕ್ಕೆ ಬೀಸುತ್ತಿತ್ತು. ಮೇಲ್ಭಾಗದಲ್ಲಿ 240 ಮಾತ್ರ ಹಿಡಿಸುತ್ತಿತ್ತು, ಅದೂ ರ್‍ಯಾಮ್‌ನ ತಲೆಗೆ ತಾಗುವಷ್ಟು ಇಕ್ಕಟ್ಟು. ಅಲ್ಲಿ ಹಾಕಿದರೂ ಅದು ಎಳೆಯುವುದು ಒಳಗಿನ 49 ಡಿಗ್ರಿ ಗಾಳಿಯನ್ನೇ.

ಇನ್ನೊಂದು ವಿಷಯ 5800ಎಕ್ಸ್‌ಗೇ ಸೇರಿದ್ದು. ಬಿಸಿ ಹುಟ್ಟುವ ಜಾಗ ತೀರಾ ಚಿಕ್ಕದಾದ್ದರಿಂದ, ಸಿಲಿಕಾನ್‌ನಿಂದ ಮೇಲಿನ ಲೋಹದ ಮುಚ್ಚಳಕ್ಕೆ ಬರುವ ದಾರಿಯಲ್ಲೇ ಅದು ಸಿಕ್ಕಿಕೊಳ್ಳುತ್ತದೆ. ಅದರ ಮೇಲೆ ಎಷ್ಟೇ ದೊಡ್ಡ ರೇಡಿಯೇಟರ್ ಹೇರಿದರೂ ಸಿಗುವ ಲಾಭಕ್ಕೆ ಮಿತಿ ಇದೆ. 142 ವ್ಯಾಟ್ ಎಳೆಯಲು ಬಿಟ್ಟರೆ ಒಳ್ಳೆ ಕೂಲರ್ ಕೆಳಗೂ ಈ ಚಿಪ್ 80 ದಾಟುವುದು ಮಾಮೂಲು. ಹಾಗಾಗಿ ವ್ಯಾಟ್ ಇಳಿಸುವುದೇ ಇದಕ್ಕೆ ಅಗ್ಗದ ಮದ್ದು.

ಬಾಳಿಕೆಯನ್ನೂ ನೋಡಬೇಕು. ಪಂಪ್ ನಿಂತರೆ ಕೂಲರ್ ಪೂರ್ತಿ ಸತ್ತ ಹಾಗೆ. ಪೈಪ್ ಮೂಲಕ ನೀರು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪ ಆವಿಯಾಗಿ ಕಡಿಮೆಯಾಗುತ್ತದೆ, ಮತ್ತೆ ತುಂಬಿಸೋಕೆ ಬಹುಪಾಲು ಮಾಡೆಲ್‌ಗಳಲ್ಲಿ ಅವಕಾಶ ಇಲ್ಲ. ವಾರಂಟಿಗೆ ಬೆಂಗಳೂರಿಗೆ ಕಳಿಸಬೇಕು, ಬರುವವರೆಗೆ ಪಿಸಿ ಮೂಲೆಯಲ್ಲಿ. ಟವರ್ ಕೂಲರ್‌ನಲ್ಲಿ ಕೆಡುವುದು ಫ್ಯಾನ್ ಒಂದೇ, ಅದು ತುಮಕೂರಿನಲ್ಲೇ ಸಿಗುತ್ತದೆ.

ಹುಡುಗನ ಅಮ್ಮ ಇದನ್ನೆಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಅಲ್ಲಪ್ಪಾ, ಆ ನೀರು ಸೋರಿದ್ರೆ?" ಸೋರುವುದು ಅಪರೂಪ ಅಮ್ಮಾ, ಆದರೆ ಸೋರಿದರೆ ಕೆಳಗಿರುವುದು ಮೂವತ್ತು ಸಾವಿರದ ಕಾರ್ಡ್ ಅಂದೆ. ಅವರು ಮಗನ ಮುಖ ನೋಡಿದರು.

ಉಳಿದ ದಾರಿಗಳು

ಪ್ರೊಸೆಸರ್‌ಗೆ ಎರಡು ಟವರ್‌ನ ದೊಡ್ಡ ಏರ್ ಕೂಲರ್ ಹಾಕಬಹುದಿತ್ತು. ಡೀಪ್‌ಕೂಲ್ ಎಕೆ620 ಥರದ್ದು 160 ಎಂಎಂ ಎತ್ತರ, ನಾಕ್ಟುವಾ ಎನ್‌ಎಚ್-ಡಿ15 165 ಎಂಎಂ. ಇಂಥದ್ದನ್ನು ಕೊಳ್ಳುವ ಮೊದಲು ಬೋರ್ಡ್‌ನಿಂದ ಪಕ್ಕದ ಗಾಜಿನವರೆಗೆ ಎಷ್ಟು ಜಾಗ ಇದೆ ಅಂತ ಕ್ಯಾಬಿನೆಟ್‌ನ ವಿವರ ನೋಡಲೇಬೇಕು. ಐದು ಎಂಎಂ ಕಡಿಮೆಯಾದರೂ ಗಾಜು ಮುಚ್ಚುವುದಿಲ್ಲ. ಇದರಿಂದ 39ರ ವ್ಯತ್ಯಾಸ ನಾಲ್ಕೈದು ಡಿಗ್ರಿ ಇಳಿಯಬಹುದಿತ್ತು. ಒಳಗಿನ ಗಾಳಿ 49ರಲ್ಲೇ ಉಳಿಯುತ್ತಿತ್ತು, ಕಾರ್ಡ್‌ಗೆ ಏನೂ ಸಿಗುತ್ತಿರಲಿಲ್ಲ.

ನೀರು ತುಂಬಿಸುವ ಏರ್ ಕೂಲರ್ ಕೋಣೆಗೆ ಇಟ್ಟರೆ ಹೇಗೆ ಅಂತ ಅಮ್ಮನೇ ಕೇಳಿದರು. ಒಳ್ಳೆ ಪ್ರಶ್ನೆ. ನಮ್ಮ ಕಡೆ ಏಪ್ರಿಲ್ ಒಣ ಬೇಸಿಗೆ, ಕಿಟಕಿ ತೆರೆದಿಟ್ಟರೆ ಅದು ಕೋಣೆಯನ್ನು ನಿಜಕ್ಕೂ ಇಳಿಸುತ್ತದೆ, ಕೋಣೆ ಎಷ್ಟು ಇಳಿದರೆ ಪಿಸಿಯೂ ಹೆಚ್ಚು ಕಮ್ಮಿ ಅಷ್ಟೇ ಇಳಿಯುತ್ತದೆ. ತೇವದಿಂದ ಪಿಸಿ ಒಳಗೆ ನೀರು ಕಟ್ಟುತ್ತದೆ ಅನ್ನುವ ಭಯ ಬೇಡ. ಓಡುತ್ತಿರುವ ಪಿಸಿಯ ಭಾಗಗಳು ಗಾಳಿಗಿಂತ ಬಿಸಿ ಇರುತ್ತವೆ, ಬಿಸಿ ವಸ್ತುವಿನ ಮೇಲೆ ಹನಿ ಕೂರುವುದಿಲ್ಲ. ಹನಿ ಎರಚುವಷ್ಟು ಹತ್ತಿರ ಮಾತ್ರ ಇಡಬಾರದು. ಆದರೆ ಇದು ಮನುಷ್ಯರಿಗೆ ತರಬೇಕಾದ ವಸ್ತು. ಪಿಸಿಗೋಸ್ಕರ ಅಲ್ಲ.

ಕೊನೆಗೆ ಒಪ್ಪಿದ್ದು ಇದು: ಮುಂಭಾಗ ಪೂರ್ತಿ ಜಾಲರಿ ಇರುವ, ಎರಡು 140 ಎಂಎಂ ಫ್ಯಾನ್ ಜೊತೆಗೇ ಬರುವ ಹೊಸ ಕ್ಯಾಬಿನೆಟ್. ಹಳೇ ಕೂಲರ್ ಹಾಗೇ ಇರಲಿ, ಚಿಪ್‌ಗೂ ಕೂಲರ್‌ಗೂ ನಡುವೆ ಬಿಸಿ ದಾಟಿಸಲು ಹಚ್ಚುವ ಪೇಸ್ಟ್ ಹೊಸದು. ಮಿಕ್ಕಿದ್ದು ಸೆಟ್ಟಿಂಗ್. ಒಳ್ಳೆ 360 ಲಿಕ್ವಿಡ್ ಕೂಲರ್‌ಗೆ ಹುಡುಗ ಎತ್ತಿಟ್ಟಿದ್ದ ದುಡ್ಡಿನಲ್ಲಿ ಅರ್ಧ ಉಳಿಯಿತು. ಕ್ಯಾಬಿನೆಟ್ ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ತರಿಸಿದೆವು.

ಹುಡುಗನಿಗೆ ಬೇಜಾರಾದದ್ದು ಬಣ್ಣದ ದೀಪಕ್ಕೆ. ಹಳೇ ಫ್ಯಾನ್‌ಗಳಲ್ಲಿ ಒಂದನ್ನು ಹಿಂದಕ್ಕೂ ಒಂದನ್ನು ಮೇಲ್ಭಾಗದ ಹಿಂಬದಿಗೂ ಹಾಕಿಕೊಟ್ಟೆ, ಎರಡೂ ಬಿಸಿ ಗಾಳಿ ಹೊರಹಾಕಲು. ಮೇಲ್ಭಾಗದ ಮುಂಬದಿ ಖಾಲಿ ಬಿಟ್ಟೆ. ಅಲ್ಲಿ ಫ್ಯಾನ್ ಹಾಕಿದರೆ ಮುಂದಿನಿಂದ ಬಂದ ತಣ್ಣನೆ ಗಾಳಿ ಕೂಲರ್‌ಗೆ ತಲುಪುವ ಮೊದಲೇ ಮೇಲೆ ಹಾರಿಹೋಗುತ್ತದೆ.

ಜೋಡಣೆ

ಈ ಚಿಪ್‌ನ ಕೂಲರ್ ಬಿಚ್ಚುವಾಗ ಒಂದು ಅಪಾಯ ಇದೆ. ಇದು ಕೂರುವ ಎಎಂ4 ಅನ್ನುವ ಸಾಕೆಟ್‌ನಲ್ಲಿ ಪಿನ್‌ಗಳಿರುವುದು ಚಿಪ್‌ನಲ್ಲಿ. ಒಣಗಿದ ಪೇಸ್ಟ್ ಗಟ್ಟಿಯಾಗಿ ಹಿಡಿದಿದ್ದರೆ, ಕೂಲರ್ ನೇರ ಮೇಲಕ್ಕೆ ಎಳೆದಾಗ ಲಾಕ್ ಹಾಕಿದ್ದರೂ ಚಿಪ್ ಕಿತ್ತುಕೊಂಡು ಬರುತ್ತದೆ. ಪಿನ್ ಬಾಗಿದರೆ ಕಥೆ ಮುಗೀತು. ಅದಕ್ಕೆ ಮೊದಲು ಹತ್ತು ನಿಮಿಷ ಚಿಪ್‌ಗೆ ಭಾರದ ಕೆಲಸ ಕೊಟ್ಟು ಬಿಸಿ ಮಾಡಿದೆ. ಆಫ್ ಮಾಡಿ, ಪ್ಲಗ್ ತೆಗೆದು, ಎರಡೂ ಸ್ಕ್ರೂಗಳನ್ನು ಒಂದರ ನಂತರ ಒಂದು ಸ್ವಲ್ಪ ಸ್ವಲ್ಪ ಸಡಿಲ ಮಾಡಿದೆ. ಕೂಲರನ್ನು ಎತ್ತದೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಚಿದೆ. ಮೊದಲು ಅಲ್ಲಾಡಲೇ ಇಲ್ಲ. ಆಮೇಲೆ ಜಿಗುಟು ಬಿಟ್ಟ ಹಾಗೆ ನಿಧಾನವಾಗಿ ತಿರುಗಿತು. ಆಗ ಎತ್ತಿದೆ. ಚಿಪ್ ಇದ್ದಲ್ಲೇ ಇತ್ತು.

ಹಳೇ ಪೇಸ್ಟ್ ಅಂಚಿನಲ್ಲಿ ಪುಡಿಯಾಗಿತ್ತು, ನಡುವೆ ಸರಿಯಾಗೇ ಹರಡಿತ್ತು. "ಪೇಸ್ಟ್ ಚೇಂಜ್ ಮಾಡಿದ್ರೆ ಸಾಕು" ಅನ್ನುವವರು ತುಂಬಾ ಜನ. ಈ ಪಿಸಿಯಲ್ಲಿ ಹೊಸ ಪೇಸ್ಟ್ ಕೊಟ್ಟ ಲಾಭ ಎರಡು ಡಿಗ್ರಿ.

ಆದ ಫಲ

ಅದೇ ಕೋಣೆ, ಅದೇ 33 ಡಿಗ್ರಿ, ಅದೇ ಆಟ, ಅರ್ಧ ಗಂಟೆ. ಪಿಸಿ ಗೂಡಿನ ಹೊರಗೆ, ಗೋಡೆಯಿಂದ ಒಂದು ಗೇಣು ದೂರ. ಯಾವ ಸೆಟ್ಟಿಂಗೂ ಮುಟ್ಟದೆ ಪ್ರೊಸೆಸರ್ 77, ಕಾರ್ಡ್ 73, ಒಳಗಿನ ಗಾಳಿ 40. ಪ್ರೊಸೆಸರ್, ಕಾರ್ಡ್ ಎರಡಕ್ಕೂ ಗಾಜು ಬಿಚ್ಚಿಟ್ಟಾಗ ಸಿಕ್ಕಿದ ಅಂಕಿಯೇ ಈಗ ಎಲ್ಲ ಮುಚ್ಚಿರುವಾಗಲೂ ಸಿಗುತ್ತಿದೆ.

ಆಮೇಲೆ ಬಯೋಸ್‌ಗೆ (ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳಿಗೆ) ಹೋಗಿ ಪ್ರೊಸೆಸರ್‌ನ ಪಿಪಿಟಿಯನ್ನು, ಅಂದರೆ ಅದು ಎಳೆಯಬಹುದಾದ ವ್ಯಾಟ್‌ನ ಮಿತಿಯನ್ನು, 142ರಿಂದ 110ಕ್ಕೆ ಇಳಿಸಿದೆ. ಕರ್ವ್ ಆಪ್ಟಿಮೈಸರ್‌ನಲ್ಲಿ ಎಲ್ಲ ಕೋರ್‌ಗಳಿಗೂ ಮೈನಸ್ 15 ಕೊಟ್ಟೆ. ಇದರಿಂದ ಅದೇ ವೇಗಕ್ಕೆ ಕಡಿಮೆ ವೋಲ್ಟೇಜ್ ಸಾಕಾಗುತ್ತದೆ. ಈ ಸಂಖ್ಯೆ ಒಂದೊಂದು ಚಿಪ್‌ಗೆ ಒಂದೊಂದು ಥರ. ಜಾಸ್ತಿ ಕೊಟ್ಟರೆ ಭಾರದ ಕೆಲಸದಲ್ಲಿ ಚೆನ್ನಾಗೇ ಓಡಿ, ಸುಮ್ನೆ ಬ್ರೌಸರ್ ತೆರೆದಿಟ್ಟಾಗ ರೀಸ್ಟಾರ್ಟ್ ಆಗುವುದುಂಟು. ಹಾಗಾಗಿ ಒಂದು ವಾರ ಮಾಮೂಲಾಗಿ ಬಳಸಿ ನೋಡು ಅಂತ ಹುಡುಗನಿಗೆ ಹೇಳಿದೆ. ಕಾರ್ಡ್‌ಗೆ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ವೋಲ್ಟೇಜ್ 900 ಮಿಲಿವೋಲ್ಟ್‌ಗೆ ಕಟ್ಟಿಹಾಕಿದೆ. 200 ವ್ಯಾಟ್ ಎಳೆಯುತ್ತಿದ್ದದ್ದು 165ರ ಸುಮಾರಿಗೆ ಬಂತು.

ಈಗ ಆಟದಲ್ಲಿ ಪ್ರೊಸೆಸರ್ 72, ಕಾರ್ಡ್ 67, ಒಳಗಿನ ಗಾಳಿ 38. ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಟ್ಟು ಅಳೆಯುವ ಸಿನೆಬೆಂಚ್ ಆರ್23 ಹತ್ತು ನಿಮಿಷ ಓಡಿಸಿದರೆ ಮೊದಲು 90ಕ್ಕೆ ಬಡಿಯುತ್ತಿದ್ದದ್ದು 79ರಲ್ಲಿ ನಿಲ್ಲುತ್ತದೆ. ಅದರ ಸ್ಕೋರ್ ಸ್ವಲ್ಪ ಇಳಿಯಿತು. ಆಟದ ಫ್ರೇಮ್‌ನಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲ, ತಡವರಿಸುವುದು ಪೂರ್ತಿ ಹೋಯಿತು. ಫ್ಯಾನ್‌ಗಳೂ ಅರ್ಧ ವೇಗದಲ್ಲೇ ಸಾಕಾಗುತ್ತಿವೆ. "ಮೊದ್ಲು ಹಿಟ್ಟಿನ ಮಿಷನ್ ಪಕ್ಕ ಮಲಗಿದ ಹಾಗಿತ್ತು" ಅಂದರು ಅಮ್ಮ.

ಜಾಲರಿಯ ಕ್ಯಾಬಿನೆಟ್‌ಗೆ ಒಂದು ಕೊರತೆ ಇದೆ. ಗಾಳಿ ಜಾಸ್ತಿ ಬಂದರೆ ಧೂಳೂ ಜಾಸ್ತಿ ಬರುತ್ತದೆ. ಅದಕ್ಕೆ ಒಳಗೆ ಎಳೆಯುವ ಫ್ಯಾನ್‌ಗಳ ವೇಗವನ್ನು ಹೊರಗೆ ತಳ್ಳುವವುಗಳಿಗಿಂತ ಸ್ವಲ್ಪ ಮೇಲಿಟ್ಟಿದ್ದೇನೆ. ಆಗ ಹೆಚ್ಚಿನ ಗಾಳಿ ಫಿಲ್ಟರ್ ಮೂಲಕವೇ ಬರುತ್ತದೆ, ಸಂದಿಗಳಿಂದ ಧೂಳು ಎಳೆದುಕೊಳ್ಳುವುದು ಕಡಿಮೆ. ಹೆದ್ದಾರಿ ಪಕ್ಕದ ಮನೆಗೆ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಮುಂದಿನ ಫಿಲ್ಟರ್ ತೆಗೆದು ನಲ್ಲಿ ಕೆಳಗೆ ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಬೇಕು. ಒಳಗೆ ಬ್ಲೋವರ್ ಹೊಡೆಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಬೇಕು. ಗಾಳಿಗೆ ಜೋರಾಗಿ ತಿರುಗಲು ಬಿಟ್ಟರೆ ಬೇರಿಂಗ್‌ಗೆ ಪೆಟ್ಟು.

ಸದ್ಯಕ್ಕೆ ಉಳಿದಿರುವುದು ಕಾರ್ಡ್‌ನ ಎರಡು ಫ್ಯಾನ್‌ಗಳಲ್ಲಿ ಒಂದರ ಸಣ್ಣ ಗರಗರ ಸದ್ದು. ಅಷ್ಟು ದಿನ ಪೂರ್ತಿ ವೇಗದಲ್ಲಿ ಓಡಿದ್ದಕ್ಕೆ ಬೇರಿಂಗ್ ಸವೆದಿರಬೇಕು. ಕಾರ್ಡ್‌ಗೆ ಇನ್ನೂ ವಾರಂಟಿ ಇರುವುದರಿಂದ ನಾನು ಬಿಚ್ಚಲಿಲ್ಲ. ಸದ್ದು ಜಾಸ್ತಿಯಾದರೆ ರಜೆಯಲ್ಲಿ ಕಳಿಸುತ್ತೇನೆ ಅಂದಿದ್ದಾನೆ ಹುಡುಗ.